ಸ್ವಂತ ಹೊಲಕ್ಕೆ ಹಳೇ ಜೆಸಿಬಿ: ನೋಡಿ ಕೊಳ್ಳುವುದು, ರಿಪೇರಿ ಮಾಡಿಸುವುದು

ಹಳೇ ಜೆಸಿಬಿ ನೋಡಲು ಹೋದವರು ಮೊದಲು ಇಂಜಿನ್ ಸ್ಟಾರ್ಟ್ ಮಾಡಿಸಿ ಹೊಗೆ ನೋಡುತ್ತಾರೆ. ಹೊಗೆ ಕಂಡರೆ ವಾಪಸ್, ಕಾಣದಿದ್ದರೆ ಅಡ್ವಾನ್ಸ್. ನನ್ನ ಪ್ರಕಾರ ಇದು ತಲೆಕೆಳಗಾದ ಪರೀಕ್ಷೆ. ರಾಯಚೂರು, ಸಿಂಧನೂರು, ಗಂಗಾವತಿ, ಬಳ್ಳಾರಿ, ಯಾವ ಊರಲ್ಲಾದರೂ ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟುವ ಮೇಸ್ತ್ರಿ ಸಿಗುತ್ತಾನೆ. ಹಳೇ ಜೆಸಿಬಿಗಳಲ್ಲಿ ಬಹಳಷ್ಟಕ್ಕೆ ಕಿರ್ಲೋಸ್ಕರ್ ಇಂಜಿನ್ ಇದೆ, ಅದೇ ಸರಣಿಯ ಇಂಜಿನ್ ಜನರೇಟರ್‌ಗಳಲ್ಲೂ ಓಡುತ್ತದೆ. ಲೈನರ್, ಪಿಸ್ಟನ್, ರಿಂಗ್ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಖರ್ಚು ಇದೆ, ಆದರೆ ಎಷ್ಟು ಅಂತ ಮೊದಲೇ ಗೊತ್ತಾಗುವ ಖರ್ಚು. ಕೊಂಡವನನ್ನು ಮುಳುಗಿಸುವುದು ಬಿರುಕು ಬಿಟ್ಟ ಚಾಸಿ, ಸವೆದ ಕಿಂಗ್ ಪೋಸ್ಟ್ (ಹಿಂದಿನ ತೋಳು ಕೂತು ತಿರುಗುವ ಬುಡ), ಬಿಸಿಯಾದರೆ ಎಳೆಯದ ಗೇರ್ ಬಾಕ್ಸ್. ಹಾಗಾಗಿ ಈ ಲೇಖನದಲ್ಲಿ ಇಂಜಿನ್ ಕೊನೆಗೆ ಬರುತ್ತದೆ.

ಹಿಂದೆ ಅಗೆಯುವ ಬಕೆಟ್, ಮುಂದೆ ಎತ್ತುವ ಬಕೆಟ್ ಇರುವ ಗಾಡಿಗೆಲ್ಲ ಇಲ್ಲಿ ಜೆಸಿಬಿ ಅಂತಲೇ ಬರೆದಿದ್ದೇನೆ. ಕೇಸ್, ಮಹೀಂದ್ರ, ಟೆರೆಕ್ಸ್, ಟಾಟಾ ಹಿಟಾಚಿ, ಎಲ್ಲಕ್ಕೂ ಪರೀಕ್ಷೆ ಒಂದೇ. ಬಿಡಿಭಾಗ ಮಾತ್ರ ನಮ್ಮ ಕಡೆ ಜೆಸಿಬಿಗೆ ಸಿಕ್ಕಷ್ಟು ಸುಲಭವಾಗಿ ಬೇರೆಯದಕ್ಕೆ ಸಿಗುವುದಿಲ್ಲ.

ಕೊಳ್ಳುವ ಮೊದಲು ಒಂದು ಲೆಕ್ಕ

ಬದು ಹಾಕುವುದು, ಗದ್ದೆ ಮಟ್ಟ ಮಾಡುವುದು, ಕೃಷಿ ಹೊಂಡ, ಬಸಿಗಾಲುವೆ, ಬಳ್ಳಾರಿ ಜಾಲಿ ಬೇರುಸಮೇತ ಕೀಳುವುದು. ನಿಮಗೆ ವರ್ಷಕ್ಕೆ ಎಷ್ಟು ಗಂಟೆ ಕೆಲಸ ಇದೆ ಅಂತ ಪ್ರಾಮಾಣಿಕವಾಗಿ ಬರೆದುಕೊಳ್ಳಿ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಗಾಡಿ ಮತ್ತು ರಿಪೇರಿ ಸೇರಿ 9 ಲಕ್ಷ. ನಿಮ್ಮೂರಲ್ಲಿ ಬಾಡಿಗೆ ಗಂಟೆಗೆ 1,200. ಸ್ವಂತ ಗಾಡಿಯಾದರೂ ಗಂಟೆಗೆ 4ರಿಂದ 6 ಲೀಟರ್ ಡೀಸೆಲ್ ಕುಡಿಯುತ್ತದೆ, ಅದಕ್ಕೆ 450 ಕಳೆಯಿರಿ. ಗಂಟೆಗೆ ಉಳಿಯುವುದು 750. ಹಾಕಿದ ದುಡ್ಡು ವಾಪಸ್ ಬರಲು 1,200 ಗಂಟೆ ಬೇಕು. ವರ್ಷಕ್ಕೆ 100 ಗಂಟೆ ಕೆಲಸ ಇರುವವನಿಗೆ ಇದು 12 ವರ್ಷ! ಗ್ರೀಸು, ಆಯಿಲ್, ಇನ್ಶೂರೆನ್ಸ್ ಇನ್ನೂ ಸೇರಿಸಿಲ್ಲ.

ಮತ್ತೆ ಯಾರು ಕೊಳ್ಳಬೇಕು? ಜಮೀನು ಜಾಸ್ತಿ ಇರುವವರು, ಪಾಳು ಬಿದ್ದ ಮಸಾರಿ ಹೊಲ ಹದ ಮಾಡುವವರು, ಅಣ್ಣತಮ್ಮಂದಿರು ಕೂಡಿ ಇಟ್ಟುಕೊಳ್ಳುವವರು. ಇನ್ನೊಂದು ಕಾರಣವೂ ಇದೆ. ತುಂಗಭದ್ರಾ ಕಾಲುವೆಗೆ ನೀರು ನಿಂತ ಮೇಲೆ ಬೇಸಿಗೆಯಲ್ಲಿ ಎಲ್ಲರಿಗೂ ಒಟ್ಟಿಗೇ ಗಾಡಿ ಬೇಕು. ಆಗ ಬಾಡಿಗೆ ಗಾಡಿಯವನ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪುತ್ತದೆ. ಅದಕ್ಕೂ ಬೆಲೆ ಇದೆ ಅಲ್ವಾ?

ಕೊಳ್ಳಲು ಮಾತ್ರ ಬೇಸಿಗೆಯಲ್ಲಿ ಹೋಗಬೇಡಿ. ಮಳೆ ಹಿಡಿದು ಎರೆ ಭೂಮಿಗೆ ಗಾಲಿ ಇಳಿಯದೆ ಗಾಡಿಗಳು ನಿಂತಾಗ ಹೋಗಿ. ಕಂತು ಕಟ್ಟಬೇಕಾದ ಮಾಲೀಕ ಆಗ ಮಾತಿಗೆ ಸಿಗುತ್ತಾನೆ.

ಗಾಡಿ ಎಲ್ಲಿ ದುಡಿದಿದೆ?

ಗಂಟೆ ಮೀಟರ್ ನಂಬಬೇಡಿ. ವೈರ್ ಬಿಚ್ಚಿದರೆ ಅದು ನಿಲ್ಲುತ್ತದೆ, ಹೊಸದು ಹಾಕಿದರೆ ಸೊನ್ನೆಯಿಂದ ಶುರುವಾಗುತ್ತದೆ. ಅದರ ಬದಲು ಗಾಡಿ ಎಲ್ಲಿ, ಏನು ಕೆಲಸ ಮಾಡಿದೆ ಅಂತ ಹುಡುಕಿ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರು ಜಿಲ್ಲೆಗಳಲ್ಲಿ ಗಾಡಿಗಳ ಬದುಕು ಬೇರೆ ಬೇರೆ, ಸವೆತವೂ ಬೇರೆ ಬೇರೆ.

ಬಳ್ಳಾರಿ, ಸಂಡೂರು ಕಡೆಯ ಗಣಿ ಗಾಡಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಕೆಲಸವಿಲ್ಲದೆ ನಿಂತ ಗಾಡಿಗಳಲ್ಲಿ ಕೆಲವು ಸುತ್ತಲಿನ ಹಳ್ಳಿಗಳಿಗೆ ಹಂಚಿಹೋದವು. ಗಣಿ ಮತ್ತೆ ಶುರುವಾದ ಮೇಲೂ ಹಳೆಯದಾದ ಗಾಡಿ ಬರುತ್ತಲೇ ಇವೆ. ಎಷ್ಟೇ ತೊಳೆದು ಪೇಂಟ್ ಹೊಡೆದರೂ ಕೆಂಪು ಧೂಳು ಎಲ್ಲೋ ಉಳಿದಿರುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ, ಫ್ಯೂಸ್ ಡಬ್ಬಿಯಲ್ಲಿ, ಸೀಟಿನ ಕೆಳಗೆ ಬೆರಳಾಡಿಸಿ. ಅದಿರು ಮಣ್ಣಿಗಿಂತ ಸುಮಾರು ದುಪ್ಪಟ್ಟು ತೂಕ. ಬಕೆಟ್ ತುಂಬಿ ತುಂಬಿ ಎತ್ತಿದ ಗಾಡಿಯ ಮುಂದಿನ ತೋಳು, ಮುಂದಿನ ಆಕ್ಸಲ್ ಎರಡೂ ದಣಿದಿರುತ್ತವೆ.

ಕುಷ್ಟಗಿ, ಕೊಪ್ಪಳ ಕಡೆಯ ಕಲ್ಲು ಕ್ವಾರಿ ಗಾಡಿ. ಇಲ್ಲಿ ನೋಡಬೇಕಾದ್ದು ಒಂದೇ: ಬಕೆಟ್ ಬದಲು ಕಲ್ಲು ಒಡೆಯುವ ಬ್ರೇಕರ್ ಕಟ್ಟಿದ್ದರಾ? ಹಿಂದಿನ ಬೂಮ್ (ಬಕೆಟ್ ಹಿಡಿದ ತೋಳು) ಉದ್ದಕ್ಕೂ ಬಕೆಟ್‌ಗೆ ಬೇಕಾಗದ ಎರಡು ಪೈಪು ಹೋಗಿದ್ದರೆ, ಅಥವಾ ಪೈಪ್ ಕ್ಲಾಂಪ್ ಕತ್ತರಿಸಿದ ಗುರುತು ಇದ್ದರೆ, ಬ್ರೇಕರ್ ಓಡಿದೆ. ದಿನವಿಡೀ ಕಲ್ಲು ಕುಟ್ಟಿದ ಅದುರಿಕೆಗೆ ಬೂಮ್ ಬೆಸುಗೆ ಬಿರುಕು ಬಿಡುತ್ತದೆ, ತೋಳು, ಬಕೆಟ್ ಆಡಿಸುವ ಹೈಡ್ರಾಲಿಕ್ ಆಯಿಲ್ ಕಾಯ್ದು ಕಾಯ್ದು ಅದರ ಪಂಪು ಸವೆಯುತ್ತದೆ. ಸ್ವಂತಕ್ಕೆ ಕೊಳ್ಳುವವರು ಬ್ರೇಕರ್ ಗಾಡಿ ಬಿಟ್ಟುಬಿಡಿ. ಅಗ್ಗಕ್ಕೆ ಸಿಕ್ಕರೂ ಬೇಡ.

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿ ಗಾಡಿ. ಇದರ ಹಿಂದಿನ ಬಕೆಟ್ ಹೆಚ್ಚಾಗಿ ಹೊಸದರಂತೆ ಇರುತ್ತದೆ, ಯಾಕೆಂದರೆ ಕೆಲಸವೆಲ್ಲ ಮುಂದಿನ ಬಕೆಟ್‌ದು. ನೋಡಲು ಚೆಂದ. ಆದರೆ ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಏರ್ ಫಿಲ್ಟರ್ ಸರಿಯಾಗಿ ನೋಡಿಕೊಳ್ಳದಿದ್ದರೆ ಅದು ಇಂಜಿನ್ ಒಳಗೆ ಹೋಗಿ ಲೈನರ್ ಉಜ್ಜಿಹಾಕುತ್ತದೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿಯಲ್ಲಿ ದುಡಿದ ಗಾಡಿಗೂ ಇದೇ ಮಾತು. ಆದರೂ ಇಂಥ ಗಾಡಿ ನನಗೆ ಇಷ್ಟ. ಚಾಸಿ, ಬೂಮ್ ಗಟ್ಟಿ ಇದ್ದು ಇಂಜಿನ್ ಮಾತ್ರ ಕೆಟ್ಟಿದ್ದರೆ ಬೆಲೆ ಇಳಿಸಲು ದಾರಿ ಸಿಕ್ಕಂತಾಯಿತು.

ಕಾಲುವೆ ಹೂಳು ತೆಗೆದ ಗಾಡಿಯ ಆಕ್ಸಲ್ ಆಯಿಲ್ ಬಿಚ್ಚಿಸಿ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ.

ಮಾರುವವನು "ಸಾವ್ಕಾರ್ರ, ಒಬ್ಬನ ಕೈಯಾಗ ಓಡೇತ್ರಿ, ಹೊಲದಾಗ ಬಿಟ್ಟು ಎಲ್ಲೂ ಹೋಗಿಲ್ಲ" ಅನ್ನುತ್ತಾನೆ. ನಕ್ಕು ಸುಮ್ಮನಿರಿ. ಹಳೇ ಆಪರೇಟರ್ ಯಾರು ಅಂತ ವಿಚಾರಿಸಿ ಅವನಿಗೆ ಒಂದು ಚಹಾ ಕುಡಿಸಿ. ಅವನಿಗೆ ಆ ಗಾಡಿಯ ಪ್ರತಿ ಪಿನ್ನು ಗೊತ್ತು.

ಕಾಗದಪತ್ರ

ಜೆಸಿಬಿ ರಸ್ತೆಗೆ ಇಳಿಯಬೇಕಾದರೆ ಆರ್‌ಸಿ ಬೇಕು, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬೇಕು. ಹೊಲದಿಂದ ಹೊಲಕ್ಕೆ ರಸ್ತೆ ದಾಟುವುದೂ ರಸ್ತೆಗೆ ಇಳಿದಂತೆಯೇ. ಗಣಿ, ಗಿರಣಿ ಕಾಂಪೌಂಡಿನೊಳಗೇ ಓಡಿ ಆರ್‌ಸಿಯೇ ಆಗದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಬೇಡ. ಒಂದು ಅಪಘಾತವಾದರೆ ಗಾಡಿಯ ಜೊತೆ ಜಮೀನೂ ಹೋಗುತ್ತದೆ.

ಎಂ ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ. ಕೆಎ-34 ಬಳ್ಳಾರಿ, ಕೆಎ-35 ಹೊಸಪೇಟೆ, ಕೆಎ-36 ರಾಯಚೂರು, ಕೆಎ-37 ಕೊಪ್ಪಳ. ಚಾಸಿ ಪ್ಲೇಟಿನ ನಂಬರ್, ಇಂಜಿನ್ ಮೇಲೆ ಕೊರೆದ ನಂಬರ್ ಆರ್‌ಸಿಗೆ ಅಕ್ಷರ ಅಕ್ಷರ ಹೊಂದಬೇಕು. ಫೈನಾನ್ಸ್ ನಮೂದು ಇದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಆಂಧ್ರ, ತೆಲಂಗಾಣದ ಕರ್ನೂಲು, ಆದೋನಿ, ಗದ್ವಾಲ ಕಡೆಯಿಂದ ಅಗ್ಗಕ್ಕೆ ಬರುವ ಗಾಡಿಗೆ ಫಾರಂ 28ರ ಎನ್‌ಒಸಿ ಬೇಕು, ಆಮೇಲೆ ಇಲ್ಲಿನ ತೆರಿಗೆ ಕಟ್ಟಬೇಕು. ಅದನ್ನು ಸೇರಿಸಿದರೆ ಆ ಅಗ್ಗ ಎಷ್ಟು ಉಳಿಯುತ್ತದೆ ಅಂತ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ. 15 ವರ್ಷ ದಾಟಿದ್ದರೆ ನೋಂದಣಿ ನವೀಕರಣ ಆಗಿದೆಯಾ ನೋಡಿ.

ಸಾಲ ಕಟ್ಟದೆ ಜಪ್ತಿಯಾದ ಗಾಡಿಗಳ ಹರಾಜು ನಮ್ಮಂಥವರಿಗಲ್ಲ. ಓಡಿಸಿ ನೋಡಲು ಬಿಡದ ಗಾಡಿ ಕೊಳ್ಳಬಾರದು.

ಪರೀಕ್ಷೆ: ತಣ್ಣಗಿರುವಾಗ ಒಮ್ಮೆ, ಕಾಯ್ದ ಮೇಲೆ ಒಮ್ಮೆ

ಬೆಳಿಗ್ಗೆ ಹೋಗಿ. "ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿ, ಹೋದ ಕೂಡಲೇ ಇಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಅಲ್ಲೇ ಒಂದು ಅನುಮಾನ ಹುಟ್ಟಬೇಕು.

ಮೊದಲು ಸ್ಟಾರ್ಟ್ ಮಾಡದೆಯೇ ಸುತ್ತ ತಿರುಗಿ. ಟಾರ್ಚ್ ಹಿಡಿದು ಕೆಳಗೆ ಮಲಗಿ ಚಾಸಿ ನೋಡಿ. ಹಿಂದಿನ ಬೂಮ್ ಕೂರುವ ಜಾಗದ ಸುತ್ತ, ಬೂಮ್ ಬುಡ, ಮುಂದಿನ ತೋಳಿನ ಅಡ್ಡಪಟ್ಟಿ ಸೇರುವ ಮೂಲೆಗಳನ್ನು ಬಿಡಬೇಡಿ. ತುಕ್ಕಿನ ಸಣ್ಣ ಗೆರೆ ಕಂಡರೆ ಅದು ಬಿರುಕು. ಮೇಲೆ ಪಟ್ಟಿ ಇಟ್ಟು ಬೆಸುಗೆ ಹಾಕಿದ್ದರೆ ಯಾಕೆ ಅಂತ ಕೇಳಿ. ಹೊಸ ಹಳದಿ ಪೇಂಟ್ ಹೊಡೆದ ಗಾಡಿಯ ಮೇಲೆ ನನಗೆ ಎಂದೂ ನಂಬಿಕೆ ಇಲ್ಲ. ಮಾಸಿದ ಗಾಡಿ ಸುಳ್ಳು ಹೇಳುವುದಿಲ್ಲ.

ಈಗ ಸ್ಟಾರ್ಟ್ ಮಾಡಿಸಿ. ಹಿಂದಿನ ಎರಡು ಜಾಕ್ ಊರಿಸಿ, ಹಿಂದಿನ ಗಾಲಿ ನೆಲ ಬಿಡುವಷ್ಟು ಎತ್ತಿಸಿ. ಬೂಮ್ ನೆಲದಿಂದ ಸ್ವಲ್ಪ ಮೇಲಿಟ್ಟು ಬಲಕ್ಕೆ ತಿರುಗಿಸಿ ಥಟ್ಟನೆ ನಿಲ್ಲಿಸಿ, ಎಡಕ್ಕೂ ಹಾಗೆಯೇ. ಬುಡದಲ್ಲಿ "ಟಕ್" ಅಂತ ಶಬ್ದ ಬಂದು ಬೂಮ್ ಅಲ್ಲಾಡುತ್ತಲೇ ಇದ್ದರೆ ಕಿಂಗ್ ಪೋಸ್ಟ್ ಪಿನ್ನು, ಅದು ಕೂರುವ ಬುಷ್ (ಲೋಹದ ಬಳೆ) ಹೋಗಿವೆ. ಬುಷ್ ಮಾತ್ರ ಹೋಗಿದ್ದರೆ ಪರವಾಗಿಲ್ಲ. ತೂತೇ ಮೊಟ್ಟೆಯಾಕಾರ ಆಗಿದ್ದರೆ ಬೆಸುಗೆ ತುಂಬಿ ಲೈನ್ ಬೋರಿಂಗ್ ಮಾಡಿಸಬೇಕು, ಅಂದರೆ ತೂತನ್ನು ಮತ್ತೆ ಗುಂಡಗೆ ಕೊರೆಸಬೇಕು, ಅದು ದೊಡ್ಡ ಖರ್ಚು. ಬಕೆಟ್ ತುದಿ ನೆಲಕ್ಕೆ ಊರಿ ಒತ್ತಿ ಬಿಟ್ಟು, ಇನ್ನೊಬ್ಬರು ಪಕ್ಕದಲ್ಲಿ ನಿಂತು ಪ್ರತಿ ಪಿನ್ನೂ ಎಷ್ಟು ಜಿಗಿಯುತ್ತದೆ ನೋಡಲಿ. ದೂರದಿಂದ ನೋಡಲಿ, ಬೆರಳು ಇಡಬಾರದು.

ಮುಂದಿನ ಬಕೆಟ್ ಸೊಂಟದ ಎತ್ತರಕ್ಕೆ, ಹಿಂದಿನ ಬೂಮ್ ಗಾಳಿಯಲ್ಲಿ, ಜಾಕ್ ಊರಿದ್ದು ಊರಿದಂತೆ. ಇಂಜಿನ್ ಆಫ್ ಮಾಡಿಸಿ. ಸಿಲಿಂಡರ್ ರಾಡ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಚಹಾ ಕುಡಿದು ಬನ್ನಿ. ಸ್ವಲ್ಪ ಇಳಿಯುವುದು ಹಳೇ ಗಾಡಿಗೆ ಸಹಜ. ಕಣ್ಣೆದುರೇ ಕುಸಿದರೆ ಸೀಲ್ ಹೋಗಿದೆ ಅಥವಾ ವಾಲ್ವ್ ಸೋರುತ್ತಿದೆ. ಸೀಲ್ ಕಿಟ್ ದೊಡ್ಡ ಖರ್ಚಲ್ಲ. ರಾಡಿನ ಕ್ರೋಮ್ ಕಿತ್ತು ಗೀರು ಬಿದ್ದಿದ್ದರೆ ಹೊಸ ಸೀಲ್ ಕೂಡ ಬಾಳುವುದಿಲ್ಲ.

ಆಮೇಲೆ ಒಂದು ಗಂಟೆ ನಿಜವಾಗಿ ಅಗೆಸಿ. ಡೀಸೆಲ್ ನೀವೇ ಹಾಕಿಸಿದರೂ ನಷ್ಟವಿಲ್ಲ. ರಾಯಚೂರಿನ ಬಿಸಿಲಿಗೆ ಆಯಿಲ್ ಬೇಗ ಕಾಯುತ್ತದೆ, ಕಾಯ್ದ ಆಯಿಲ್ ತೆಳುವಾಗುತ್ತದೆ, ಆಗ ನಿಜ ಹೊರಗೆ ಬರುತ್ತದೆ. ತಣ್ಣಗಿದ್ದಾಗ ಚುರುಕಾಗಿದ್ದ ಗಾಡಿ ಕಾಯ್ದ ಮೇಲೆ ಎಲ್ಲ ಕೆಲಸದಲ್ಲೂ ನಿಧಾನವಾದರೆ ಪಂಪ್ ಕಡೆ ನೋಡಿ. ಒಂದೇ ಕೆಲಸ ನಿಧಾನವಾದರೆ ಆ ಸಿಲಿಂಡರ್ ಅಥವಾ ಆ ವಾಲ್ವ್.

ಗೇರ್ ಬಾಕ್ಸ್ ಪರೀಕ್ಷೆಯೂ ಕಾಯ್ದ ಮೇಲೆಯೇ. ಕಾಲುವೆ ಏರಿಯಂಥ ಏರು ಹುಡುಕಿ, ಮುಂದಕ್ಕೆ ಹತ್ತಿಸಿ, ಹಿಮ್ಮುಖವಾಗಿಯೂ ಹತ್ತಿಸಿ. ಲಿವರ್ ಹಾಕಿದ ಮೇಲೆ ಗಾಡಿ ಯೋಚನೆ ಮಾಡಿ ಹೊರಟರೆ, ಇಂಜಿನ್ ಕೂಗಿದರೂ ಗಾಲಿ ತಿರುಗದಿದ್ದರೆ, ಇಂಜಿನ್ ಶಕ್ತಿಯನ್ನು ಗಾಲಿಗೆ ಮುಟ್ಟಿಸುವ ಟಾರ್ಕ್ ಕನ್ವರ್ಟರ್ ಅಥವಾ ಕ್ಲಚ್ ಪ್ಯಾಕ್ ಮುಗಿಯುತ್ತಾ ಬಂದಿದೆ. ಆಯಿಲ್ ಸುಟ್ಟ ವಾಸನೆ ಬಂದರೂ ಅಷ್ಟೇ. ಅಂಥ ಗಾಡಿ ಬಿಡಿ, ಸುಮ್ನೆ ಆಸೆ ಪಡಬೇಡಿ.

ಇಂಜಿನ್‌ಗೆ ಈಗ ಬನ್ನಿ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಬರುತ್ತಿದೆಯಾ? ಬ್ಯಾಕ್ ಕಂಪ್ರೆಷನ್ ಇದೆ, ಅಂದರೆ ಸವೆದ ರಿಂಗ್, ಲೈನರ್ ದಾಟಿ ಒತ್ತಡ ಕೆಳಗೆ ಬರುತ್ತಿದೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ರೇಡಿಯೇಟರ್ ಮುಚ್ಚಳ ಮಾತ್ರ ಕಾಯ್ದಾಗ ಮುಟ್ಟಬೇಡಿ; ಬೆಳಿಗ್ಗೆ ತಣ್ಣಗಿದ್ದಾಗಲೇ ತೆಗೆದು, ಸ್ಟಾರ್ಟ್ ಮಾಡಿಸಿ ನೀರಿನಲ್ಲಿ ಗುಳ್ಳೆ ಏಳುತ್ತದಾ ನೋಡಿ. ಗಾಲಿ ಇರುವ ಇಂಥ ಗಾಡಿಗಳಿಗೆ 2021ರ ಏಪ್ರಿಲ್‌ನಿಂದ ಹೊಸ ಹೊಗೆ ನಿಯಮ ಬಂದಿತು. ಆಮೇಲಿನ ಗಾಡಿಗಳಲ್ಲಿ ಎಲೆಕ್ಟ್ರಾನಿಕ್ಸ್ ಜಾಸ್ತಿ. ಹಳ್ಳಿಯಲ್ಲಿ ಇಟ್ಟುಕೊಳ್ಳಲು ಅದಕ್ಕಿಂತ ಹಳೆಯ, ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ ಗಾಡಿಯೇ ವಾಸಿ.

ಟೈರ್ ಕೊನೆಗೆ ನೋಡಿ, ಆದರೆ ಚೌಕಾಸಿ ಅಲ್ಲಿಂದಲೇ ಶುರುಮಾಡಿ. ನಾಲ್ಕು ಟೈರ್ ಬೆಲೆ ಮೊದಲೇ ಅಂಗಡಿಯಲ್ಲಿ ಕೇಳಿ ಬಂದಿರಿ. ಕೈಲಿರುವ ದುಡ್ಡಿನಲ್ಲಿ ಮೂರನೇ ಒಂದು ಭಾಗ ರಿಪೇರಿಗೆ ತೆಗೆದಿಟ್ಟು, ಉಳಿದಿದ್ದರಲ್ಲೇ ಗಾಡಿ ಮಾತಾಡಿ.

ಮನೆಗೆ ತರುವುದು

ಹತ್ತಿರವಾದರೆ ಓಡಿಸಿಕೊಂಡು ಬನ್ನಿ. ಬಳ್ಳಾರಿಯಿಂದ ಸಿರುಗುಪ್ಪ ದಾಟಿ ಸಿಂಧನೂರು ಕಡೆ ಹೋಗುವಷ್ಟು ದೂರವಾದರೆ ಟ್ರೈಲರ್ ಮಾಡಿ. ಸುಮಾರು ಏಳೂವರೆ ಟನ್ ತೂಕದ ಗಾಡಿಯ ಹಳೇ ಟೈರ್ ಬಿಸಿ ಡಾಂಬರಿನ ಮೇಲೆ ಅಷ್ಟು ದೂರ ತಡೆಯುವುದಿಲ್ಲ. ಹೇಗೆ ತಂದರೂ ಬೂಮ್ ಲಾಕ್, ಸ್ಲ್ಯೂ ಲಾಕ್ ಪಿನ್ ಎರಡೂ ಹಾಕಿರಬೇಕು. ದಾರಿಯಲ್ಲಿ ಬೂಮ್ ತಿರುಗಿಕೊಂಡರೆ ಎದುರು ಬಂದ ಬಸ್ಸಿಗೆ ಬಡಿಯುತ್ತದೆ.

ರಿಪೇರಿ ಯಾವ ಕ್ರಮದಲ್ಲಿ?

ಮೊದಲ ಕೆಲಸ ವಾಟರ್ ಸರ್ವೀಸ್. ಗ್ರೀಸು, ಮಣ್ಣು ಹೋದ ಮೇಲೆಯೇ ಯಾವುದು ಎಲ್ಲಿ ಸೋರುತ್ತಿದೆ ಗೊತ್ತಾಗುವುದು.

ಎರಡನೆಯದು ಆಯಿಲ್, ಫಿಲ್ಟರ್ ಎಲ್ಲ ಬದಲು. ಹಿಂದಿನವನು ಏನು ಹಾಕಿದ್ದ ಅಂತ ಗೊತ್ತಿಲ್ಲವಲ್ಲ. ಇಂಜಿನ್‌ಗೆ 15ಡಬ್ಲ್ಯೂ-40. ಹೈಡ್ರಾಲಿಕ್‌ಗೆ ನಮ್ಮ ಬಿಸಿಲಿಗೆ 68 ನಂಬರಿನದು. ಆಕ್ಸಲ್‌ಗೆ ಕಂಪನಿ ಹೇಳಿದ್ದೇ ಹಾಕಿ, ಯಾಕೆಂದರೆ ಈ ಗಾಡಿಗಳ ಬ್ರೇಕ್ ಪ್ಲೇಟು ಆಕ್ಸಲ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಬ್ರೇಕ್ ಡಬ್ಬಿಗೆ ಏನು ಹಾಕಬೇಕು ಅಂತ ಮ್ಯಾನುವಲ್ ನೋಡದೆ ಕಾರಿನ ಬ್ರೇಕ್ ಆಯಿಲ್ ಸುರಿಯಬೇಡಿ. ಮಿನರಲ್ ಆಯಿಲ್ ಬೇಕಾದ ಜೆಸಿಬಿಗೆ ಅದು ಬಿದ್ದರೆ ರಬ್ಬರ್ ಸೀಲ್ ಎಲ್ಲ ಊದಿಕೊಂಡು ಹಾಳಾಗುತ್ತವೆ. ಏರ್ ಫಿಲ್ಟರ್ ಒಳಗಿನದು, ಹೊರಗಿನದು ಎರಡೂ ಹೊಸದು ಹಾಕಿ. ಒಳಗಿನದನ್ನು ಗಾಳಿ ಹೊಡೆದು ಮತ್ತೆ ಹಾಕುವ ಅಭ್ಯಾಸ ಬೇಡ. ಡೀಸೆಲ್ ಟ್ಯಾಂಕ್ ಬಿಚ್ಚಿ ತೊಳೆಸಿ, ತಳದಲ್ಲಿ ಏನೇನು ಸಿಗುತ್ತದೆ ನೋಡಿ ಆಶ್ಚರ್ಯಪಡುತ್ತೀರಿ. ರೇಡಿಯೇಟರ್ ಜಾಲರಿಯಲ್ಲಿ ಭತ್ತದ ಹೊಟ್ಟು, ಹತ್ತಿ ನಾರು ತುಂಬಿರುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆಯಿರಿ.

ಮೂರನೆಯದು ಹೈಡ್ರಾಲಿಕ್ ಪೈಪು. ಬಕೆಟ್ ಎರಡೂ ನೆಲಕ್ಕೆ ಇಳಿಸಿ, ಇಂಜಿನ್ ಆಫ್ ಮಾಡಿ, ಲಿವರ್ ಎಲ್ಲ ಹಿಂದೆ ಮುಂದೆ ಆಡಿಸಿ ಒತ್ತಡ ಇಳಿದ ಮೇಲೆಯೇ ಪೈಪ್ ಬಿಚ್ಚಬೇಕು. ಹಳೇ ಪೈಪನ್ನೇ ಹೈಡ್ರಾಲಿಕ್ ಪೈಪ್ ಪ್ರೆಸ್ ಮಾಡುವ ಅಂಗಡಿಗೆ ಒಯ್ದು ಅದೇ ಉದ್ದ, ಅಷ್ಟೇ ಪದರ ತಂತಿಯ ಪೈಪ್ ಮಾಡಿಸಿ. ಬಿಚ್ಚಿದ ಬಾಯಿಗೆ ಕೂಡಲೇ ಪ್ಲಾಸ್ಟಿಕ್ ಕಟ್ಟಿ, ಒಂದು ಚಿಟಿಕೆ ಮರಳು ಪಂಪನ್ನು ತಿನ್ನುತ್ತದೆ.

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಸೋರಿಕೆ ಎಲ್ಲಿ ಅಂತ ಕೈಯಾಡಿಸಿ ನೋಡಬೇಡಿ. ಒಳಗೆ 200 ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ. ಸೂಜಿತೂತಿನಿಂದ ಚಿಮ್ಮುವ ಆಯಿಲ್ ಕಣ್ಣಿಗೆ ಕಾಣದೆ ಚರ್ಮದೊಳಗೆ ಹೋಗುತ್ತದೆ. ಗಾಯ ಇರುವೆ ಕಚ್ಚಿದಷ್ಟೇ ಕಾಣಬಹುದು, ಆದರೆ ಗಂಟೆಗಳೊಳಗೆ ಆಪರೇಷನ್ ಆಗದಿದ್ದರೆ ಬೆರಳು, ಕೈ ಕಳೆದುಕೊಂಡವರಿದ್ದಾರೆ. ರಟ್ಟಿನ ತುಂಡು ಹಿಡಿದು ನೋಡಿ. ತಗುಲಿದರೆ ನೇರ ದೊಡ್ಡಾಸ್ಪತ್ರೆಗೆ ಹೋಗಿ, "ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ" ಅಂತ ಬಾಯಿಬಿಟ್ಟು ಹೇಳಿ. ಹಾಗೆಯೇ ಎತ್ತಿದ ಮುಂದಿನ ತೋಳಿನ ಕೆಳಗೆ ಸೇಫ್ಟಿ ಸ್ಟ್ರಟ್ (ತೋಳು ಬೀಳದಂತೆ ತಡೆಯುವ ಕಬ್ಬಿಣದ ಆಸರೆ) ಕೂರಿಸದೆ ಯಾರೂ ತಲೆ ಹಾಕಬಾರದು. ಕಟ್ಟಿಗೆ ತುಂಡು ಸ್ಟ್ರಟ್ ಅಲ್ಲ.

ನಾಲ್ಕನೆಯದು ಪಿನ್ನು, ಬುಷ್. ದುಡ್ಡು ಸಾಲದಿದ್ದರೆ ಕಿಂಗ್ ಪೋಸ್ಟ್ ಮೊದಲು, ಬೂಮ್ ಬುಡ ಆಮೇಲೆ, ಬಕೆಟ್ ಕಡೆಯದು ಕೊನೆಗೆ. ಬುಡದ ಸಡಿಲ ಚಾಸಿಯನ್ನು ಕೆಡಿಸುತ್ತದೆ, ತುದಿಯ ಸಡಿಲ ಶಬ್ದ ಮಾತ್ರ ಮಾಡುತ್ತದೆ. ಪಿನ್ನು ಹೊಸದು, ಬುಷ್ ಹಳೆಯದು ಮಾಡಬೇಡಿ, ಜೋಡಿಯಾಗಿಯೇ ಬದಲಿಸಿ. ಲೇತ್‌ನಲ್ಲಿ ಸಾದಾ ಕಬ್ಬಿಣದ ಸರಳು ತಿರುಗಿಸಿ ಕೊಡುವ ಪಿನ್ನು ಬೇಗ ಸವೆಯುತ್ತದೆ. ಹಾರ್ಡ್ ಮಾಡಿದ ಪಿನ್ನೇ ಕೇಳಿ. ಕೂರಿಸುವ ಮೊದಲು ಗ್ರೀಸ್ ದಾರಿ ತೆರೆದಿದೆಯಾ ನೋಡಿ. ಎಷ್ಟೋ ಗಾಡಿಗಳಲ್ಲಿ ನಿಪ್ಪಲ್ ಇರುತ್ತದೆ, ಒಳಗಿನ ದಾರಿ ವರ್ಷಗಳ ಹಿಂದೆಯೇ ಕಲ್ಲಾಗಿ ಮುಚ್ಚಿರುತ್ತದೆ.

ಬಿರುಕಿಗೆ ಬೆಸುಗೆ ಹಾಕಿಸುವಾಗ ಪಕ್ಕ ನಿಂತುಕೊಳ್ಳಿ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆಯಬೇಕು, ಇಲ್ಲದಿದ್ದರೆ ಅದು ಮುಂದೆ ಓಡುತ್ತದೆ. ಗ್ರೈಂಡರ್‌ನಿಂದ ಬಿರುಕಿನ ಉದ್ದಕ್ಕೂ ಆಳವಾಗಿ ಕಾಲುವೆಯಂತೆ ತೋಡಿ, ಒಣಗಿದ 7018 ನಂಬರಿನ ವೆಲ್ಡಿಂಗ್ ರಾಡ್‌ನಲ್ಲಿ ತುಂಬಿಸಬೇಕು. ಬ್ಯಾಟರಿ ಬಿಚ್ಚಿರಬೇಕು. ಅರ್ತ್ ಕ್ಲಾಂಪ್ ಬೆಸುಗೆ ಹಾಕುವ ತುಂಡಿಗೇ ಹಚ್ಚಬೇಕು. ದೂರ ಹಚ್ಚಿದರೆ ಕರೆಂಟು ಪಿನ್ನು, ಬೇರಿಂಗ್ ಮೂಲಕ ಹಾದು ಅವನ್ನು ಸುಡುತ್ತದೆ.

ಉಳಿದಿದ್ದು ಸಣ್ಣಪುಟ್ಟದ್ದು: ಬಕೆಟ್ ಹಲ್ಲು, ಲೈಟು, ಹಾರ್ನ್, ರಿವರ್ಸ್ ಹಾರ್ನ್, ಸೀಟ್ ಬೆಲ್ಟ್. ಪೇಂಟ್ ಮನಸ್ಸಿದ್ದರೆ ಹೊಡೆಸಿ, ಆದರೆ ಒಂದು ಬೇಸಿಗೆ ದುಡಿದ ಮೇಲೆ.

ದುಡಿಸುವಾಗ

ಪ್ರತಿ 10 ಗಂಟೆಗೆ, ಅಂದರೆ ದಿನಕ್ಕೊಮ್ಮೆ, ಎಲ್ಲ ನಿಪ್ಪಲ್‌ಗೂ ಗ್ರೀಸ್. ಆಪರೇಟರ್‌ಗೆ ಬಿಟ್ಟರೆ ಆಗುವುದಿಲ್ಲ, ಮೊದಲು ನೀವೇ ಗನ್ ಹಿಡಿಯಿರಿ. ಓಡಿಸುವವನ ಲೈಸೆನ್ಸ್‌ನಲ್ಲಿ ಈ ಬಗೆಯ ಗಾಡಿ ನಮೂದಾಗಿರಬೇಕು. ಹೊಲದ ಮೇಲೆ ಹಾದ ಜೆಸ್ಕಾಂ ಲೈನ್ ಹತ್ತಿರ ಬೂಮ್ ಎತ್ತುವ ಮುಂಚೆ ಕರೆಂಟ್ ತೆಗೆಸಿ. ಹಸಿ ಎರೆಯಲ್ಲಿ ಗಾಲಿ ಹೂತರೆ ಎಕ್ಸಿಲರೇಟರ್ ತುಳಿಯುತ್ತಾ ಕೂರಬೇಡಿ, ಹಿಂದಿನ ಬಕೆಟ್ ಊರಿ ತನ್ನನ್ನು ತಾನೇ ತಳ್ಳಿಕೊಳ್ಳುವ ಶಕ್ತಿ ಅದಕ್ಕಿದೆ. ನಿಮ್ಮ ಹೊಲದ ಮಣ್ಣು ನಿಮ್ಮ ಹೊಲದಲ್ಲೇ ಹರಡುವುದು ಬೇರೆ, ಗರಸು ತೆಗೆದು ಮಾರುವುದು ಬೇರೆ. ಮಾರಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು, ಕೆರೆ ಹೂಳು ತರಲೂ ಕೇಳಿಯೇ ತನ್ನಿ.

ಮಳೆಗಾಲಕ್ಕೆ ನಿಲ್ಲಿಸುವಾಗ ಬಕೆಟ್ ಎರಡೂ ನೆಲಕ್ಕೆ ಊರಿ, ಹೊರಗೆ ಉಳಿದ ರಾಡುಗಳಿಗೆಲ್ಲ ಗ್ರೀಸ್ ಸವರಿ. ಬ್ಯಾಟರಿ ಟರ್ಮಿನಲ್ ಬಿಚ್ಚಿ. ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ, ಆಯಿಲ್ ಕಾಯುವವರೆಗೆ ಎಲ್ಲ ಲಿವರ್ ಆಡಿಸಿ. ಭತ್ತದ ಕಣದ ಹತ್ತಿರ ಮಾತ್ರ ನಿಲ್ಲಿಸಬೇಡಿ, ಇಲಿ ಬಂದು ವೈರ್ ಕಡಿಯುತ್ತದೆ.